ಹಳೇ ಸ್ಯಾಶ್ ಕಿಟಕಿಗೆ ಒಳಗಡೆಯಿಂದ ಇನ್ನೊಂದು ಗಾಜು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಪಶ್ಚಿಮ ಲಂಡನ್ನಿನಲ್ಲಿ 1890ರ ದಶಕದಲ್ಲಿ ಕಟ್ಟಿದ ಸಾಲುಮನೆ. ಹೀಥ್ರೂಗೆ ಇಳಿಯುವ ವಿಮಾನಗಳು ತಲೆ ಮೇಲೇ ಹೋಗುತ್ತವೆ. ಒಂಬತ್ತು ಸ್ಯಾಶ್ ಕಿಟಕಿಗಳಿವೆ, ಎಲ್ಲವೂ ಒಂಟಿ ಗಾಜಿನವು. ಆರು ವರ್ಷಗಳಲ್ಲಿ ಒಂದೊಂದಾಗಿ ಎಲ್ಲಕ್ಕೂ ಸೆಕೆಂಡರಿ ಗ್ಲೇಝಿಂಗ್, ಅಂದರೆ ಒಳಗಡೆಯಿಂದ ಇನ್ನೊಂದು ಗಾಜು, ಹಾಕಿಸಿದೆವು. ನಡುವೆ ಎರಡು ಸಲ ತಪ್ಪು ಮಾಡಿ ದುಡ್ಡು ಕಳೆದುಕೊಂಡೆವು. ಬ್ರಿಟನ್ನಿನಲ್ಲಿ ಹಳೇ ಮನೆ ಹಿಡಿದ ಕನ್ನಡದ ಗೆಳೆಯರು ಊಟಕ್ಕೆ ಬಂದಾಗ ಕಿಟಕಿ ಮುಂದೆ ನಿಂತು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಮನೆಯದು ಸ್ಯಾಶ್ ಕಿಟಕಿಯೇ ಅಂತ ಗೊತ್ತಾಗುವುದು ಹೇಗೆ?

ಎರಡು ಚೌಕಟ್ಟುಗಳು ಒಂದರ ಹಿಂದೆ ಒಂದು ಮೇಲೆ ಕೆಳಗೆ ಜಾರಿದರೆ ಅದು ಸ್ಯಾಶ್. ನಾವು ಊರಿನಲ್ಲಿ ಕಂಡದ್ದು ಕಂಬಿ ಹಾಕಿದ, ಎರಡು ಬಾಗಿಲು ತೆರೆಯುವ ಕಿಟಕಿ. ಇದರ ಲೆಕ್ಕವೇ ಬೇರೆ. ಪಕ್ಕದ ಚೌಕಟ್ಟನ್ನು ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಒಳಗೆ ಮರದ ಪೆಟ್ಟಿಗೆಯಿದೆ. ಅದರಲ್ಲಿ ಕಬ್ಬಿಣದ್ದೋ ಸೀಸದ್ದೋ ಉದ್ದನೆಯ ಗುಂಡು ಹಗ್ಗದಲ್ಲಿ ನೇತಾಡುತ್ತಿರುತ್ತದೆ. ಹಗ್ಗ ಒಂದು ಪುಟ್ಟ ರಾಟೆ ಮೇಲೆ ಹಾದು ಕಿಟಕಿಗೆ ಕಟ್ಟಿಕೊಂಡಿದೆ. ನೀವು ಕಿಟಕಿ ಎತ್ತಿದರೆ ಗುಂಡು ಇಳಿಯುತ್ತದೆ. ಬಾವಿ ರಾಟೆಯ ಬುದ್ಧಿಯೇ, ಅಲ್ವಾ?

ಒಂದೊಂದು ಚೌಕಟ್ಟಿನಲ್ಲೂ ಆರಾರು ಸಣ್ಣ ಗಾಜಿದ್ದರೆ ಜಾರ್ಜಿಯನ್ ಕಾಲದ (18ನೇ ಶತಮಾನ, 19ರ ಆರಂಭ) ಮಾದರಿ. ದೊಡ್ಡ ಹಾಳೆ ಗಾಜು ಅಗ್ಗವಾದ ಮೇಲೆ ವಿಕ್ಟೋರಿಯನ್ನರು ಒಂದೋ ಎರಡೋ ಗಾಜಿಗೆ ಇಳಿದರು. ಭಾರ ಹೆಚ್ಚಿದ್ದರಿಂದ ಮೂಲೆಗಳ ಬಿಗಿಗೆ ಕೊಂಬಿನ ಥರದ ತುದಿ ಬಿಟ್ಟರು. ಮೇಲಿನ ಚೌಕಟ್ಟಿನ ಕೆಳಮೂಲೆಯಲ್ಲಿ ಆ ಕೊಂಬು ಕಾಣುತ್ತದೆ.

ಗಾಳಿ ನುಗ್ಗುವುದಕ್ಕೂ ಈ ರಚನೆಯೇ ಕಾರಣ. ಜಾರಬೇಕಾದರೆ ಸಂದು ಬೇಕು. ಸಂದು ಇದ್ದರೆ ಗಾಳಿ ಬಂದೇ ಬರುತ್ತದೆ.

ಸೆಕೆಂಡರಿ ಗ್ಲೇಝಿಂಗ್ ಅಂದರೆ ಡಬಲ್ ಗ್ಲೇಝಿಂಗೇ ತಾನೇ?

ಅಲ್ಲ. ಡಬಲ್ ಗ್ಲೇಝಿಂಗ್‌ನಲ್ಲಿ ಎರಡು ಗಾಜುಗಳ ಅಂಚನ್ನು ಫ್ಯಾಕ್ಟರಿಯಲ್ಲೇ ಮುಚ್ಚಿ ಒಂದು ಘಟಕ ಮಾಡಿರುತ್ತಾರೆ. ಹಳೇ ಕಿಟಕಿ ಹೋಗಿ ಹೊಸದು ಬರುತ್ತದೆ. ಸೆಕೆಂಡರಿ ಅಂದರೆ ಹಳೇ ಕಿಟಕಿಯನ್ನು ಮುಟ್ಟದೆ, ಕೋಣೆಯ ಒಳಗಡೆ ತೆಳು ಚೌಕಟ್ಟಿನಲ್ಲಿ ಇನ್ನೊಂದು ಗಾಜು ನಿಲ್ಲಿಸುವುದು. ಬೇಡವಾದರೆ ಕಳಚಿ, ಸ್ಕ್ರೂ ತೂತು ಮುಚ್ಚಿದರೆ ಮುಗಿಯಿತು.

ಹಳೆಯದನ್ನು ಕಿತ್ತು ಪ್ಲಾಸ್ಟಿಕ್ಕಿನದು ಹಾಕಿಸಿದರೆ ಸುಲಭ ಅಲ್ವಾ?

ಸುಲಭವೇ. ಆದರೆ ನಾನು ಮಾಡಲ್ಲ. ಆ ಕಾಲದ ಮರ ನಿಧಾನವಾಗಿ ಬೆಳೆದ, ಎಳೆ ಒತ್ತಾದ ಪೈನ್. ಬಣ್ಣ, ಪುಟ್ಟಿ ನೋಡಿಕೊಂಡರೆ ನೂರು ವರ್ಷ ದಾಟುತ್ತದೆ, ದಾಟಿದ್ದು ಕಣ್ಣೆದುರೇ ಇದೆ. ಒಂದು ತುಂಡು ಲಡ್ಡಾದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಕೂಡಿಸಬಹುದು. ಮುಚ್ಚಿದ ಡಬಲ್ ಗ್ಲೇಝಿಂಗ್ ಘಟಕದ ಅಂಚು ಒಮ್ಮೆ ಬಿಟ್ಟರೆ ಒಳಗೆ ಮಂಜು ಕೂರುತ್ತದೆ. ಅದನ್ನು ಒರೆಸಲೂ ಆಗದು, ಘಟಕವನ್ನೇ ಬದಲಿಸಬೇಕು.

ಹಳೇ ಮರದ ಚೌಕಟ್ಟಿಗೇ ಕೂರುವಷ್ಟು ತೆಳುವಾದ ನಿರ್ವಾತ ಗಾಜು ಈಗ ಸಿಗುತ್ತದೆ. ಎರಡು ಗಾಜುಗಳ ನಡುವಿನ ಗಾಳಿಯನ್ನೇ ಹೀರಿ ತೆಗೆದಿರುತ್ತಾರೆ. ಚೆನ್ನಾಗಿದೆ, ಆದರೆ ದುಬಾರಿ. ಮೇಲಾಗಿ ನೂರು ವರ್ಷದ ಅಲೆಅಲೆ ಗಾಜು ಕಸಕ್ಕೆ ಹೋಗುತ್ತದೆ. ಸಂಜೆ ಬಿಸಿಲಿನಲ್ಲಿ ಎದುರುಮನೆಯ ಚಿಮಣಿ ಆ ಗಾಜಿನಲ್ಲಿ ನಡುಗುವುದನ್ನು ನೋಡಿದವರಿಗೆ ಅದನ್ನು ಎಸೆಯಲು ಮನಸ್ಸು ಬಾರದು.

ಅನುಮತಿ ಬೇಕಾ?

ಮನೆ ಲಿಸ್ಟೆಡ್ ಆಗಿದೆಯೋ, ಅಂದರೆ ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆಯೋ ಇಲ್ಲವೋ, ಮೊದಲು ಅದನ್ನು ನೋಡಿ. ಇಂಗ್ಲೆಂಡಿನ ಪಟ್ಟಿಯನ್ನು ಪರಂಪರೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡಿನ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಅಲ್ಲಿ ಗ್ರೇಡ್ 1, 2 ಸ್ಟಾರ್, 2 ಅಂತ ಮೂರು ದರ್ಜೆ. ಸ್ಕಾಟ್ಲೆಂಡಿನಲ್ಲಿ ಎ, ಬಿ, ಸಿ. ಲಿಸ್ಟೆಡ್ ಮನೆಯಲ್ಲಿ ಕಾನೂನು ಒಳಗಡೆಗೂ ಅನ್ವಯಿಸುತ್ತದೆ, ಗೋಡೆಯ ಹೊರಮುಖಕ್ಕೆ ಮಾತ್ರ ಅಲ್ಲ. ಅನುಮತಿ ಬೇಕಾದ ಕೆಲಸವನ್ನು ಕೇಳದೆ ಮಾಡಿದರೆ, ಇಂಗ್ಲೆಂಡಿನಲ್ಲಿ, ಲಿಸ್ಟೆಡ್ ಕಟ್ಟಡಗಳ 1990ರ ಕಾಯ್ದೆಯ ಪ್ರಕಾರ ಅಪರಾಧ. ಸರಳವಾದ, ಕಳಚಬಹುದಾದ ಸೆಕೆಂಡರಿ ಗಾಜಿಗೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಆದರೂ ಕೌನ್ಸಿಲ್ಲಿನ ಕನ್ಸರ್ವೇಶನ್ ಆಫೀಸರಿಗೆ ಫೋಟೋ ಕಳಿಸಿ ಇಮೇಲಿನಲ್ಲಿ ಉತ್ತರ ತರಿಸಿಟ್ಟುಕೊಳ್ಳಿ. ಮನೆ ಮಾರುವ ದಿನ ಕೊಳ್ಳುವವರ ಸಾಲಿಸಿಟರ್ ಕೇಳುತ್ತಾರೆ.

ಲಿಸ್ಟೆಡ್ ಅಲ್ಲದೆ ಕನ್ಸರ್ವೇಶನ್ ಏರಿಯಾದಲ್ಲಿ (ಹಳೇ ಸ್ವರೂಪ ಕಾಪಾಡಲು ಗುರುತಿಸಿದ ಬಡಾವಣೆ) ಮಾತ್ರ ಇದ್ದರೆ ಒಳಗಿನ ಗಾಜಿಗೆ ಸಾಮಾನ್ಯವಾಗಿ ಅನುಮತಿ ಬೇಡ. ಫ್ಲ್ಯಾಟಾಗಿದ್ದರೆ ಲೀಸ್ ಪತ್ರ ತೆಗೆದು ಓದಿ. ಕಿಟಕಿ ನಿಮ್ಮದಲ್ಲ, ಕಟ್ಟಡದ ಒಡೆಯರಾದ ಫ್ರೀಹೋಲ್ಡರದ್ದು ಅಂತ ಬರೆದಿರುವುದು ಮಾಮೂಲು.

ಚಳಿ ನಿಜವಾಗಿ ಎಷ್ಟು ಕಡಿಮೆಯಾಗುತ್ತದೆ?

ಹಿಸ್ಟಾರಿಕ್ ಇಂಗ್ಲೆಂಡ್ ಮಾಡಿಸಿದ ಪರೀಕ್ಷೆಗಳ ಪ್ರಕಾರ, ಲೋ-ಇ ಲೇಪನದ (ಶಾಖವನ್ನು ಒಳಗೇ ತಿರುಗಿಸುವ ಲೇಪನ, ಮುಂದೆ ಹೇಳುತ್ತೇನೆ) ಸೆಕೆಂಡರಿ ಗಾಜು ಹಾಕಿದರೆ ಕಿಟಕಿಯಿಂದ ಹೋಗುವ ಶಾಖ ಶೇ. 60ಕ್ಕಿಂತ ಜಾಸ್ತಿ ತಗ್ಗಬಲ್ಲದು. ದಪ್ಪ ಪರದೆ ಎಳೆದರೂ ಸುಮಾರು ಶೇ. 40 ತಗ್ಗುತ್ತದೆ. ಪರದೆಯನ್ನು ಕಡೆಗಣಿಸಬೇಡಿ.

ಆದರೆ ಮೈಗೆ ತಿಳಿಯುವ ವ್ಯತ್ಯಾಸ ಬೇರೆಯದೇ. ಹೊರಗೆ 0 ಡಿಗ್ರಿ, ಕೋಣೆಯೊಳಗೆ 20 ಡಿಗ್ರಿ ಅಂದುಕೊಳ್ಳಿ. ಒಂಟಿ ಗಾಜಿನ ಒಳಮೈ 6 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಅದರ ಪಕ್ಕ ಸೋಫಾದಲ್ಲಿ ಕೂತರೆ ಹೀಟರ್ ಉರಿಯುತ್ತಿದ್ದರೂ ಭುಜ ತಣ್ಣಗಾಗುತ್ತದೆ. ಸೆಕೆಂಡರಿ ಗಾಜಿನ ಒಳಮೈ 15ರ ಹತ್ತಿರ ಇರುತ್ತದೆ. ನಮ್ಮತ್ತೆ ಮೈಸೂರಿನಿಂದ ಬಂದಾಗ ಮೊದಲ ಚಳಿಗಾಲ ಆ ಸೋಫಾದಲ್ಲಿ ಕೂರುತ್ತಲೇ ಇರಲಿಲ್ಲ. ಮುಂದಿನ ಸಲ ಬಂದಾಗ ಶಾಲು ಪಕ್ಕಕ್ಕಿಟ್ಟು ಅಲ್ಲೇ ಕೂತು ಹುರುಳಿಕಾಯಿ ಸೋಸಿದರು. ಯಾವ ಮೀಟರೂ ಬೇಕಾಗಲಿಲ್ಲ.

ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ?

ನೇರವಾಗಿ ಹೇಳುತ್ತೇನೆ: ಗ್ಯಾಸ್ ಬಿಲ್ ಉಳಿಸಲಿಕ್ಕೆ ಅಂತಲೇ ಆದರೆ ಹಾಕಿಸಬೇಡಿ. ಲೆಕ್ಕ ನೋಡಿ. ಕಿಟಕಿ 1 ಮೀಟರ್ ಅಗಲ, 1.8 ಮೀಟರ್ ಎತ್ತರ. ಯು-ವ್ಯಾಲ್ಯೂ, ಅಂದರೆ ಶಾಖ ಎಷ್ಟು ಸೋರುತ್ತದೆ ಅನ್ನುವ ಅಳತೆ, 5ರಿಂದ 2ಕ್ಕೆ ಇಳಿಯಿತು ಎನ್ನಿ. ಏಳು ತಿಂಗಳು ಒಳಗೂ ಹೊರಗೂ ಸರಾಸರಿ 11 ಡಿಗ್ರಿ ಅಂತರವಿದ್ದರೆ ಉಳಿಯುವುದು ಸುಮಾರು 300 ಯೂನಿಟ್ ಶಾಖ. ಗ್ಯಾಸ್ ಯೂನಿಟ್ಟಿಗೆ 7 ಪೆನ್ಸ್ ಎಂದಿಟ್ಟು, ಬಾಯ್ಲರಿನ ನಷ್ಟವನ್ನೂ ಸೇರಿಸಿದರೆ ವರ್ಷಕ್ಕೆ 23 ಪೌಂಡ್. ಆ ಕಿಟಕಿಗೆ ನೀವು 500 ಪೌಂಡ್ ಕೊಟ್ಟಿದ್ದರೆ ವಾಪಸ್ ಬರಲು 20 ವರ್ಷ ದಾಟುತ್ತದೆ. ಸಂದಿನ ಗಾಳಿ ನಿಂತದ್ದರ ಲಾಭ ಇದರಲ್ಲಿ ಸೇರಿಲ್ಲ, ಅದನ್ನು ಸೇರಿಸಿದರೆ ಸ್ವಲ್ಪ ಬೇಗ. ನಾವು ಹಾಕಿಸಿದ್ದು ನಿದ್ದೆಗಾಗಿ.

ಹಾಗಾದರೆ ಶಬ್ದದ ವಿಷಯ ಹೇಳಿ. ಸದ್ದು ಪೂರ್ತಿ ನಿಲ್ಲುತ್ತದಾ?

ಪೂರ್ತಿ ನಿಲ್ಲುವುದಿಲ್ಲ. ಆದರೆ ಸೆಕೆಂಡರಿ ಗ್ಲೇಝಿಂಗ್ ಡಬಲ್ ಗ್ಲೇಝಿಂಗನ್ನು ಸೋಲಿಸುವುದು ಇಲ್ಲೇ. ಶಾಖ ತಡೆಯಲು ಎರಡು ಗಾಜಿನ ನಡುವೆ 16ರಿಂದ 20 ಮಿಲಿಮೀಟರ್ ಸಂದು ಸಾಕು, ಅದಕ್ಕಿಂತ ಹೆಚ್ಚಿಸಿದರೆ ಹೆಚ್ಚಿನ ಲಾಭವಿಲ್ಲ. ಶಬ್ದಕ್ಕೆ ಅದು ಏನೇನೂ ಸಾಲದು. ಕನಿಷ್ಠ 100 ಮಿಲಿಮೀಟರ್ ಬೇಕು. 150, 200 ಸಿಕ್ಕರೆ ಇನ್ನೂ ಒಳ್ಳೇದು. ಹಳೇ ಮನೆಗಳ ಗೋಡೆ ದಪ್ಪ, ಹಾಗಾಗಿ ಕಿಟಕಿ ಕಟ್ಟೆಯ ಮೇಲೆ ಅಷ್ಟು ಜಾಗ ಸಿಗುತ್ತದೆ.

ಇನ್ನೊಂದು ಗುಟ್ಟು ಗಾಜಿನ ದಪ್ಪ. ಎರಡೂ ಒಂದೇ ದಪ್ಪ ಇದ್ದರೆ ಎರಡೂ ಒಂದೇ ಸ್ವರಕ್ಕೆ ಕಂಪಿಸಿ ಆ ಸದ್ದನ್ನು ಒಳಗೆ ಬಿಡುತ್ತವೆ. ಹೊರಗಿನದು 3 ಮಿಲಿಮೀಟರ್ ಇದ್ದರೆ ಒಳಗಿನದು 6.4 ಮಿಲಿಮೀಟರಿನ ಲ್ಯಾಮಿನೇಟ್ ಇರಲಿ. ಲ್ಯಾಮಿನೇಟ್ ಅಂದರೆ ಎರಡು ತೆಳು ಗಾಜುಗಳನ್ನು ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ್ದು, ಆ ಪದರ ಕಂಪನವನ್ನು ನುಂಗುತ್ತದೆ. ಸಂದಿನ ಒಳಮಗ್ಗುಲಿಗೆ ಶಬ್ದ ಹೀರುವ ಹಾಳೆ ಅಂಟಿಸಿದರೆ ಇನ್ನಷ್ಟು ತಗ್ಗುತ್ತದೆ.

ಸುಸ್ಥಿತಿಯ ಒಂಟಿ ಗಾಜು 25ರಿಂದ 30 ಡೆಸಿಬೆಲ್ ತಡೆಯುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೆ 40 ದಾಟಬಹುದು. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ.

ನಮ್ಮ ಮೊದಲ ತಪ್ಪು ಇಲ್ಲೇ ಆದದ್ದು. ಮಲಗುವ ಕೋಣೆಗೆ ಬಂದ ಕಂಪನಿಯವರು 4 ಮಿಲಿಮೀಟರ್ ಗಾಜನ್ನು ಹಳೇ ಕಿಟಕಿಗೆ ಅಂಟಿದ ಹಾಗೆ, ಎರಡೂವರೆ ಸೆಂಟಿಮೀಟರ್ ಸಂದಿನಲ್ಲಿ ನಿಲ್ಲಿಸಿ ಹೋದರು. ಕೋಣೆ ಬೆಚ್ಚಗಾಯಿತು. ಬೆಳಗಿನ ಜಾವ ನಾಲ್ಕೂವರೆ ಸುಮಾರಿಗೆ ಹೀಥ್ರೂಗೆ ಮೊದಲ ವಿಮಾನಗಳು ಬರುತ್ತವೆ, ಅವು ಮಾತ್ರ ಮೊದಲಿನ ಹಾಗೇ ಎಬ್ಬಿಸಿದವು. "ಶಬ್ದಕ್ಕೆ" ಅಂತ ನಾವು ಬಾಯಿಬಿಟ್ಟು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಎರಡು ವರ್ಷದ ಮೇಲೆ ಕಿತ್ತು 140 ಮಿಲಿಮೀಟರ್ ಒಳಗೆ ತಂದೆವು. ಈಗ ವಿಮಾನ ಬಂದದ್ದು ಗೊತ್ತಾಗುತ್ತದೆ, ಎಚ್ಚರ ಆಗುವುದಿಲ್ಲ. ಲಾರಿ, ಬಸ್ಸಿನ ಗುಡುಗುಡು ಸದ್ದನ್ನು ತಡೆಯುವುದು ಇನ್ನೂ ಕಷ್ಟ. ಮಾತು, ಹಾರ್ನು ಬೇಗ ತಗ್ಗುತ್ತವೆ.

ಗಾಜುಗಳ ನಡುವೆ ನೀರು ಬೆವರುತ್ತದೆ ಅಂತಾರೆ, ನಿಜವೇ?

ತಪ್ಪಾಗಿ ಹಾಕಿದರೆ ನಿಜ. ನೆನಪಿಡಬೇಕಾದ್ದು ಒಂದೇ: ಒಳಗಿನ ಗಾಜು ಬಿಗಿ, ಹೊರಗಿನ ಕಿಟಕಿ ಚೂರು ಸಡಿಲ.

20 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈ ಮೇಲಾದರೂ ಹನಿ ಕೂರುತ್ತದೆ. ಒಂಟಿ ಗಾಜಿನ 6 ಡಿಗ್ರಿ ಎಲ್ಲಿ, ಸೆಕೆಂಡರಿ ಗಾಜಿನ 15 ಎಲ್ಲಿ! ಒಳಗಿನ ಗಾಜು ಒಣಗಿಯೇ ಇರುತ್ತದೆ. ಆದರೆ ಕೋಣೆಯ ಬೆಚ್ಚನೆ ಹಸಿ ಗಾಳಿ ಅದರ ಅಂಚಿನಿಂದ ನುಸುಳಿ ಸಂದಿಗೆ ಸೇರಿದರೆ, ಹೊರಗಿನ ತಣ್ಣನೆ ಗಾಜಿಗೆ ತಾಗಿ ನೀರಾಗುತ್ತದೆ. ಹೊರಗಿನ ಕಿಟಕಿಯಲ್ಲಿ ಸ್ವಲ್ಪ ಸಂದಿದ್ದರೆ ಹೊರಗಿನ ಒಣ ಗಾಳಿ ಆಡಿ ಆ ತೇವ ಒಣಗುತ್ತದೆ. ಎರಡನ್ನೂ ಮುಚ್ಚಿದರೆ ನೀರು ಹೋಗುವುದೆಲ್ಲಿಗೆ?

ನಮ್ಮ ಎರಡನೇ ತಪ್ಪು ಇದೇ. ಅಡುಗೆಮನೆಯ ಹಳೇ ಕಿಟಕಿಗೆ ಸುತ್ತಲೂ ಸಿಲಿಕೋನ್ ಬಳಿದು, ಒಳಗೆ ಸಡಿಲವಾಗಿ ಕೂರುವ ಅಗ್ಗದ ಗಾಜು ಹಾಕಿದೆವು. ಸರಿಯಾಗಿ ತಿರುವುಮುರುವು. ಇಡ್ಲಿ ಬೇಯಿಸಿದ ಭಾನುವಾರ ಮಧ್ಯಾಹ್ನ ನೋಡಿದರೆ ಸಂದಿನಲ್ಲಿ ಹೊರಗಾಜಿನಿಂದ ನೀರು ಧಾರೆಯಾಗಿ ಇಳಿದು ಮರದ ಕೆಳಪಟ್ಟಿಯ ಮೇಲೆ ನಿಂತಿತ್ತು. ಫೆಬ್ರವರಿ ಹೊತ್ತಿಗೆ ಕಪ್ಪು ಬೂಷ್ಟು.

ನಮ್ಮ ಅಡುಗೆಯಲ್ಲಿ ಹಬೆ ಜಾಸ್ತಿ. ಕುಕ್ಕರ್, ಇಡ್ಲಿ, ಅನ್ನ, ಕುದಿಯುವ ಸಾರು. ಅದರ ಮೇಲೆ ಒಗೆದ ಬಟ್ಟೆಯನ್ನು ನಡುಮನೆಯಲ್ಲಿ ಹರಡುತ್ತೇವೆ. ಹೊರಗೆ ಹಬೆ ಎಳೆದೊಯ್ಯುವ ಎಕ್ಸ್‌ಹಾಸ್ಟ್ ಫ್ಯಾನ್ ಇಲ್ಲದೆ ಯಾವ ಗಾಜು ಹಾಕಿಸಿದರೂ ಅಷ್ಟೇ.

ಯಾವ ಮಾದರಿ ತೆಗೆದುಕೊಳ್ಳಬೇಕು?

ಆ ಕಿಟಕಿಯನ್ನು ನೀವು ಎಷ್ಟು ಸಲ ತೆಗೆಯುತ್ತೀರಿ ಅನ್ನುವುದೇ ತೀರ್ಮಾನ.

ದಿನಾ ತೆಗೆಯುವ ಕಿಟಕಿಗೆ ಮೇಲೆ ಕೆಳಗೆ ಜಾರುವುದು. ಗುಂಡಿನ ಬದಲು ಸ್ಪ್ರಿಂಗ್ ಇರುತ್ತದೆ. ಇದು ಎಲ್ಲಕ್ಕಿಂತ ದುಬಾರಿ, ಆದರೆ ನಡುಪಟ್ಟಿಯನ್ನು ಹಳೇ ಕಿಟಕಿಯ ನಡುಪಟ್ಟಿಗೆ ಸರಿಹೊಂದಿಸಿದರೆ ರಸ್ತೆಯಿಂದ ಒಳಗೊಂದು ಗಾಜಿದೆ ಅನ್ನುವುದೇ ಕಾಣದು. ಅಗಲ ಜಾಸ್ತಿ, ಎತ್ತರ ಕಡಿಮೆ ಇರುವ ಕಿಟಕಿಗೆ ಪಕ್ಕಕ್ಕೆ ಜಾರುವುದು ಸರಿ. ಬಾಗಿಲಿನ ಹಾಗೆ ತೆರೆಯುವುದು ತುಂಬ ಬಿಗಿಯಾಗಿ ಮುಚ್ಚುತ್ತದೆ, ಒರೆಸಲೂ ಸಲೀಸು. ಆದರೆ ಕಟ್ಟೆ ಮೇಲೆ ಕರಿಬೇವಿನ ಕುಂಡ ಇಡುವವರಿಗೆ ಆಗಿಬರದು, ಪ್ರತಿ ಸಲ ಕುಂಡ ಎತ್ತಿಡಬೇಕು. ಮೆಟ್ಟಿಲ ಬಳಿಯ, ವರ್ಷಕ್ಕೊಮ್ಮೆಯೂ ತೆಗೆಯದ ಕಿಟಕಿಗೆ ಗಾಜನ್ನೇ ಪೂರ್ತಿ ಎತ್ತಿ ಹೊರತೆಗೆಯುವ ಮಾದರಿ ಸಾಕು.

ಮುಂದಕ್ಕೆ ಚಾಚಿದ ಬೇ ಕಿಟಕಿಯಾದರೆ ಮೂರು ಮುಖಗಳಿಗೂ ಬೇರೆ ಬೇರೆ ಚೌಕಟ್ಟು ಬೇಕು. ಕೋನದ ಕಂಬದ ಹತ್ತಿರ ಅನುಭವಿ ಕೈಯೇ ಬೇಕು, ಸ್ವಂತ ಪ್ರಯೋಗ ಬೇಡ.

ಗಾಜೋ, ಅಕ್ರಿಲಿಕ್ಕೋ?

ಅಕ್ರಿಲಿಕ್ ಹಗುರ. 4 ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 10 ಕಿಲೋ, ಅದೇ ಅಕ್ರಿಲಿಕ್ ಐದು ಕಿಲೋಗೂ ಕಡಿಮೆ. ಕಿಟಕಿ ಸುತ್ತ ಉಕ್ಕಿನ ಪಟ್ಟಿ ಅಂಟಿಸಿ, ಹಾಳೆಗೆ ಆಯಸ್ಕಾಂತದ ಪಟ್ಟಿ ಹಚ್ಚಿದರೆ ಒಬ್ಬರೇ ಹಾಕಿ ತೆಗೆಯಬಹುದು. ಬೆಲೆಯೂ ಕಮ್ಮಿ. ಆದರೆ ಗೀರು ಬೀಳುತ್ತದೆ, ಧೂಳು ಎಳೆಯುತ್ತದೆ, ಹಗುರ ಇದ್ದದ್ದರಿಂದ ಶಬ್ದಕ್ಕೆ ಉಪಯೋಗ ಕಡಿಮೆ. ಪೇಪರ್ ಟವೆಲ್‌ನಿಂದ ಉಜ್ಜಬೇಡಿ, ಒದ್ದೆ ಮೆತ್ತನೆ ಬಟ್ಟೆ ಸಾಕು.

ಗಾಜೇ ಆದರೆ, ನೆಲದಿಂದ 800 ಮಿಲಿಮೀಟರಿಗಿಂತ ಕೆಳಗೆ ಬರುವ ಗಾಜು ಟಫನ್ಡ್ (ಕಾಯಿಸಿ ಗಟ್ಟಿಮಾಡಿದ್ದು) ಅಥವಾ ಲ್ಯಾಮಿನೇಟ್ ಆಗಿರಲಿ. ಮಕ್ಕಳು ಓಡಿಬಂದು ಡಿಕ್ಕಿ ಹೊಡೆಯುವುದು ಅಷ್ಟೇ ಎತ್ತರದಲ್ಲಿ.

ಲೋ-ಇ ಅಂತ ಜಾಸ್ತಿ ದುಡ್ಡು ಕೇಳುತ್ತಾರೆ. ಕೊಡಬಹುದಾ?

ಚಳಿಗೆ ಅಂತ ಹಾಕಿಸುವುದಾದರೆ ಕೊಡಿ. ಕೋಣೆಯ ಶಾಖವನ್ನು ವಾಪಸ್ ಕೋಣೆಗೇ ತಿರುಗಿಸುವ, ಕಣ್ಣಿಗೆ ಕಾಣದ ಲೇಪನ ಅದು. ಎರಡು ಬಗೆಯಿದೆ. ಮೆದು ಲೇಪನ ಗಾಳಿ ತಾಗಿದರೆ ಹಾಳಾಗುತ್ತದೆ, ಮುಚ್ಚಿದ ಘಟಕದೊಳಗೆ ಮಾತ್ರ ಬಾಳುತ್ತದೆ. ಸೆಕೆಂಡರಿಗೆ ಗಟ್ಟಿ ಲೇಪನವೇ ಬೇಕು. ಲೇಪನದ ಮೈ ಸಂದಿನ ಕಡೆಗೆ, ಅಂದರೆ ಹಳೇ ಕಿಟಕಿಯ ಕಡೆಗೆ ಇರಬೇಕು.

ಕೊಟ್ಟ ದುಡ್ಡಿಗೆ ಅದೇ ಗಾಜು ಬಂತಾ ಅಂತ ನೋಡಲು ಒಂದು ಉಪಾಯ. ಕತ್ತಲಾದ ಮೇಲೆ ಗಾಜಿನ ಹತ್ತಿರ ಬೆಂಕಿಕಡ್ಡಿ ಗೀರಿ ಓರೆಯಾಗಿ ನೋಡಿ. ಎರಡು ಜ್ವಾಲೆ ಕಾಣುತ್ತವೆ. ಲೇಪನ ಇರುವ ಮೈಯದ್ದರ ಬಣ್ಣ ಬೇರೆ ಇರುತ್ತದೆ. ಎರಡೂ ಒಂದೇ ಬಣ್ಣವಾದರೆ ಅಂಗಡಿಯವರಿಗೆ ಫೋನ್ ಮಾಡಿ.

ಮೊದಲು ಹಳೇ ಕಿಟಕಿ ರಿಪೇರಿ ಮಾಡಿಸಬೇಕಾ?

ಮಾಡಿಸಲೇಬೇಕು. ಸೆಕೆಂಡರಿ ಹಾಕಿದ ಮೇಲೆ ಬಡಗಿ ಕೈ ತೂರಿಸುವುದು ಕಷ್ಟ. ಕಡಿದ ಹಗ್ಗ, ಉದುರಿದ ಪುಟ್ಟಿ, ಲಡ್ಡಾದ ಕೆಳಪಟ್ಟಿ, ಬಣ್ಣದಿಂದ ಅಂಟಿಕೊಂಡ ಚೌಕಟ್ಟು, ಎಲ್ಲ ಮೊದಲು. ಕೆಳಪಟ್ಟಿಗೆ ಚಾಕುವಿನ ತುದಿ ಒತ್ತಿ ನೋಡಿ, ಬೆಣ್ಣೆಯ ಹಾಗೆ ಇಳಿದರೆ ಮರ ಹೋಗಿದೆ. ಸೆಕೆಂಡರಿ ಬೇಡವೆನ್ನುವವರು ಇದೇ ಹೊತ್ತಿನಲ್ಲಿ ಪಕ್ಕದ ಮರಪಟ್ಟಿಗಳಿಗೆ ಬ್ರಷ್ ಪಟ್ಟಿ ಕೂಡಿಸಿಕೊಂಡರೂ ಗಾಳಿ ಎಷ್ಟೋ ನಿಲ್ಲುತ್ತದೆ. ನಮ್ಮ ಒಂದು ಕಿಟಕಿಗೆ ಇಷ್ಟರಲ್ಲೇ ಅರ್ಧ ಸಮಸ್ಯೆ ಮುಗಿದಿತ್ತು.

ಅಳತೆ ನಾನೇ ತೆಗೆಯಬಹುದಾ?

ತೆಗೆಯಬಹುದು. ಹಳೇ ಮನೆಯಲ್ಲಿ ಯಾವುದೂ ನೇರವಿಲ್ಲ ಅಂತ ಮೊದಲೇ ಒಪ್ಪಿಕೊಳ್ಳಿ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಎತ್ತರವನ್ನೂ ಹಾಗೇ. ಎರಡರಲ್ಲೂ ಚಿಕ್ಕದನ್ನೇ ಹಿಡಿಯಿರಿ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಅವು ಬೇರೆ ಬೇರೆ ಬಂದರೆ ಕಿಟಕಿ ಓರೆಯಾಗಿದೆ, ಸುತ್ತ ಮರದ ಪಟ್ಟಿ ಕೊಟ್ಟು ಸರಿಮಾಡಬೇಕು. ಚಿಲಕ, ಹಿಡಿಕೆ ಎಷ್ಟು ಮುಂದೆ ಚಾಚಿವೆ ನೋಡಿ. ಗೆಳೆಯರೊಬ್ಬರು ಎಲ್ಲ ಸರಿಯಾಗಿ ಅಳೆದು ಹಿತ್ತಾಳೆ ಚಿಲಕ ಮರೆತರು. ಒಳಗಿನ ಗಾಜು ಮುಚ್ಚಲೇ ಇಲ್ಲ.

ಕಿಟಕಿಯ ಒಳಬದಿಗೆ ಮಡಚಿಕೊಳ್ಳುವ ಮರದ ಶಟರುಗಳಿದ್ದರೆ?

ಇದ್ದರೆ ನಿಮ್ಮ ಅದೃಷ್ಟ. ಬಣ್ಣ ಬಳಿದು ಗೋಡೆಯ ಪೆಟ್ಟಿಗೆಯೊಳಗೆ ಮುಚ್ಚಿಹೋಗಿರುತ್ತವೆ, ಹುಡುಕಿ ನೋಡಿ. ರಾತ್ರಿ ಮುಚ್ಚಿದರೆ ಶಾಖವನ್ನು ಸೆಕೆಂಡರಿ ಗಾಜಿನಷ್ಟೇ ಹಿಡಿದಿಡುತ್ತವೆ. ಗಾಜನ್ನು ಶಟರಿಗೂ ಕಿಟಕಿಗೂ ನಡುವೆ ನಿಲ್ಲಿಸುವ ತೆಳು ಚೌಕಟ್ಟು ಕೇಳಿ. ಶಟರ್ ಕಿತ್ತು ಗಾಜು ಹಾಕುತ್ತೇವೆ ಅನ್ನುವವರಿಗೆ ಚಹಾ ಕೊಟ್ಟು ಕಳಿಸಿ.

ಬೆಂಕಿ ಬಿದ್ದರೆ ಕಿಟಕಿಯಿಂದ ಹೊರಬರಬೇಕಲ್ಲ?

ಮಹಡಿಯ ಮಲಗುವ ಕೋಣೆಯಲ್ಲಿ ಈ ಪ್ರಶ್ನೆ ಮುಖ್ಯ. ಪಾರಾಗುವ ಕಿಟಕಿಗೆ ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿ ಹೇಳುವುದು ಹೀಗೆ: ತೆರೆದ ಜಾಗ 0.33 ಚದರ ಮೀಟರಿಗಿಂತ ಕಮ್ಮಿ ಇರಬಾರದು, ಅಗಲವೂ ಎತ್ತರವೂ 450 ಮಿಲಿಮೀಟರ್ ಆದರೂ ಇರಬೇಕು, ಕೆಳಅಂಚು ನೆಲದಿಂದ 1100 ಮಿಲಿಮೀಟರ್ ಮೀರಬಾರದು. ಹಾಗಾಗಿ ಅಲ್ಲಿ ಸ್ಕ್ರೂ ಬಿಗಿದ ಸ್ಥಿರ ಗಾಜು ಬೇಡ. ಬೀಗ ಹಾಕಿ ಕೀಲಿ ಡ್ರಾಯರಿನಲ್ಲಿಡುವುದೂ ಬೇಡ. ಮನೆಯವರೆಲ್ಲ ಕತ್ತಲಲ್ಲೂ ತೆಗೆಯುವಂತಿರಬೇಕು. ಮಕ್ಕಳ ಕೈಯಲ್ಲಿ ಒಮ್ಮೆ ತೆಗೆಸಿ ನೋಡಿ.

ಇನ್ನೊಂದು ಅಪಾಯ ಇದೆ. ಕೋಣೆಯಲ್ಲಿ ಸೌದೆ ಒಲೆಯೋ ಹಳೇ ಗ್ಯಾಸ್ ಫೈರೋ ಇದ್ದರೆ ಅದಕ್ಕೆ ಉಸಿರಾಡಲು ಗಾಳಿ ಬೇಕು. ಎಲ್ಲ ಸಂದು ಮುಚ್ಚುವ ಮೊದಲು ಆ ಕೆಲಸ ಬಲ್ಲವರಿಂದ ಗಾಳಿಕಿಂಡಿ ಪರೀಕ್ಷೆ ಮಾಡಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಡಿ.

ನಾವು ಬಾಡಿಗೆಗೆ ಇದ್ದೇವೆ. ಏನಾದರೂ ದಾರಿ?

ಚಳಿಗಾಲಕ್ಕೆ ಕಿಟಕಿ ಫಿಲ್ಮ್ ತನ್ನಿ. ಚೌಕಟ್ಟಿನ ಸುತ್ತ ಎರಡೂ ಕಡೆ ಅಂಟುವ ಟೇಪ್, ಅದರ ಮೇಲೆ ತೆಳು ಪ್ಲಾಸ್ಟಿಕ್, ಹೇರ್ ಡ್ರೈಯರ್ ಹಿಡಿದರೆ ಸುಕ್ಕು ಬಿಟ್ಟು ತಮಟೆಯಂತೆ ಬಿಗಿಯಾಗುತ್ತದೆ. ಏಪ್ರಿಲಿನಲ್ಲಿ ಕಿತ್ತು ಎಸೆಯಿರಿ. ಟೇಪ್ ಎಳೆಯುವಾಗ ಬಣ್ಣ ಬರಬಹುದು, ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಇದು ಶಬ್ದಕ್ಕೆ ಪ್ರಯೋಜನವಿಲ್ಲ.

ಹಾಕಿದ ಮೇಲೆ ನೋಡಿಕೊಳ್ಳುವುದು ಏನಾದರೂ ಇದೆಯಾ?

ವರ್ಷಕ್ಕೊಮ್ಮೆ ತೆಗೆದು ಸಂದು ಒರೆಸಬೇಕು. ನಾವು ಯುಗಾದಿಯ ಹಿಂದಿನ ವಾರ ಮಾಡುತ್ತೇವೆ, ಹೇಗೂ ಮನೆ ಗುಡಿಸಿ ಸಾರಿಸುವ ಹೊತ್ತು. ಹೊರಗಿನ ಸಡಿಲ ಸಂದಿನಿಂದ ನೊಣ, ಜೇಡ ಎಲ್ಲ ಒಳಗೆ ಸೇರಿಕೊಂಡಿರುತ್ತವೆ. ಹೋದ ಸಲ ಮಲಗುವ ಕೋಣೆಯ ಸಂದಿನಲ್ಲಿ ರೆಕ್ಕೆ ಮಡಚಿ ಕೂತ ಚಿಟ್ಟೆಯೊಂದು ಸಿಕ್ಕಿತು. ಸತ್ತಿದೆ ಅಂದುಕೊಂಡು ಕಾಗದದ ಮೇಲೆ ತೆಗೆದೆ. ಚಳಿಗಾಲ ಪೂರ್ತಿ ಅಲ್ಲೇ ಮಲಗಿತ್ತು ಕಾಣುತ್ತೆ. ಬಿಸಿಲು ತಾಗಿದ ಮೇಲೆ ರೆಕ್ಕೆ ಬಿಚ್ಚಿ, ಹೊರಗಿನ ಕಿಟಕಿ ಎತ್ತಿದ ಕೂಡಲೇ ಹೋಯಿತು.